ಕಾರಾಗೃಹದಿಂದ ಬಿಡುಗಡೆ ಹೊಂದಿದ ಮಾಜಿ ಸೈನಿಕರ ಪುನರ್ವಸತಿ: ಹನೂರು ತಾಲ್ಲೂಕು ಶಾಗ್ಯ ಹಾಗೂ ಸುತ್ತಲಿನ ಗ್ರಾಮಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಭೂಸೇನೆ, ನೌಕಾಸೇನೆ ಅಥವಾ ವಾಯುಸೇನೆಯಲ್ಲಿ ಸೇವೆ ಸಲ್ಲಿಸಿದ ವ್ಯಕ್ತಿಯು ಯಾವುದೋ ಅಪರಾಧ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿ ಊರಿಗೆ ಮರಳಿದಾಗ ಎರಡು ಬಗೆಯ ತಪ್ಪು ತಿಳಿವಳಿಕೆಗಳು ಎದುರಾಗುತ್ತವೆ. ಜೈಲಿಗೆ ಹೋದ ಮೇಲೆ ಸೈನಿಕನಿಗೆ ದೊರೆಯುತ್ತಿದ್ದ ಸಕಲ ಸೌಲಭ್ಯಗಳೂ ನಿಂತುಹೋದವು ಎಂಬುದು ಒಂದು. ಶಿಕ್ಷೆ ಮುಗಿದ ಕೂಡಲೇ ಎಲ್ಲವೂ ತಾನಾಗಿಯೇ ಮೊದಲಿನಂತಾಗುತ್ತದೆ ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ಯಾವ ಹಕ್ಕು ಉಳಿದಿದೆ, ಯಾವುದು ಕಳೆದುಹೋಗಿದೆ, ಯಾವುದನ್ನು ಅರ್ಜಿ ಸಲ್ಲಿಸಿ ಮರಳಿ ಪಡೆಯಬಹುದು ಎಂಬುದು ಆ ವ್ಯಕ್ತಿಯು ಸೇನೆಯಿಂದ ಹೊರಬಂದ ವಿಧಾನವನ್ನು ಅವಲಂಬಿಸಿರುತ್ತದೆ.

ಈ ಪುಟದಲ್ಲಿ ವಿವರಿಸಿರುವುದು ಒಂದೇ ಯೋಜನೆಯನ್ನಲ್ಲ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ, ಕಾರಾಗೃಹ, ಕಂದಾಯ, ಸಾರಿಗೆ ಮತ್ತು ಆರೋಗ್ಯ ಇಲಾಖೆಗಳು, ರಕ್ಷಣಾ ಪಿಂಚಣಿ ಕಚೇರಿ ಹಾಗೂ ಕಾನೂನು ಸೇವೆಗಳ ಪ್ರಾಧಿಕಾರ ಇವುಗಳಲ್ಲಿ ಬೇರೆ ಬೇರೆಯಾಗಿ ಲಭ್ಯವಿರುವ ಅವಕಾಶಗಳನ್ನು ಶಾಗ್ಯ ಭಾಗದ ಅರ್ಜಿದಾರರ ಅನುಕೂಲಕ್ಕಾಗಿ ಒಂದೆಡೆ ನೀಡಲಾಗಿದೆ.

1. ಸೇನೆಯಿಂದ ಹೊರಬಂದ ವಿಧಾನ

ಅರ್ಜಿದಾರರು ಮೊದಲು ತಮ್ಮ ಡಿಸ್ಚಾರ್ಜ್ ಬುಕ್‌ನಲ್ಲಿ ಅಥವಾ ಸೇವಾ ಸಮಾಪ್ತಿ ಆದೇಶದಲ್ಲಿ ನಮೂದಾಗಿರುವ ಕಾರಣವನ್ನು ನೋಡಿಕೊಳ್ಳತಕ್ಕದ್ದು. ಸಾಮಾನ್ಯವಾಗಿ ಪ್ರಕರಣಗಳು ಕೆಳಕಂಡ ನಾಲ್ಕು ವರ್ಗಗಳಲ್ಲಿ ಬರುತ್ತವೆ.

(ಅ) ಪಿಂಚಣಿಯೊಂದಿಗೆ ನಿವೃತ್ತರಾದ ಬಳಿಕ ಸಿವಿಲ್ ಜೀವನದಲ್ಲಿ ಶಿಕ್ಷೆಗೆ ಒಳಗಾದವರು. ಇವರು ಮಾಜಿ ಸೈನಿಕರಾಗಿಯೇ ಉಳಿಯುತ್ತಾರೆ. ಇವರ ಪಿಂಚಣಿಯ ವಿಷಯವನ್ನು ಕಂಡಿಕೆ 2ರಲ್ಲಿ ವಿವರಿಸಲಾಗಿದೆ.

(ಆ) ಸೇವಾ ವಿಮುಕ್ತಿ, ಅಂದರೆ ಡಿಸ್ಚಾರ್ಜ್ ಹೊಂದಿದವರು. ಸೇನಾ ನಿಯಮಗಳನ್ವಯ ವಿಮುಕ್ತಿ ಹೊಂದಿದವರು, ಅಗತ್ಯ ಅರ್ಹತಾ ಸೇವೆ ಪೂರೈಸಿದ್ದಲ್ಲಿ, ಪಿಂಚಣಿ ಅಥವಾ ಉಪದಾನಕ್ಕೆ ಅರ್ಹರಾಗಿರುತ್ತಾರೆ. ಜವಾನರು ಮತ್ತು ಜೆ.ಸಿ.ಓ.ಗಳಿಗೆ ಸೇವಾ ಪಿಂಚಣಿಗೆ ಸಾಮಾನ್ಯವಾಗಿ 15 ವರ್ಷಗಳ ಅರ್ಹತಾ ಸೇವೆ ಅಗತ್ಯ. ಆದರೆ ಪಿಂಚಣಿಯಿಲ್ಲದೆ, ದುರ್ನಡತೆ ಅಥವಾ ಅದಕ್ಷತೆಯ ಕಾರಣಕ್ಕೆ ವಿಮುಕ್ತಿಗೊಂಡವರು ಮರುನೇಮಕಾತಿಯ ನಿಯಮಗಳಲ್ಲಿರುವ ‘ಮಾಜಿ ಸೈನಿಕ’ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ.

(ಇ) ವಜಾಗೊಂಡವರು. 1950ರ ಸೇನಾ ಅಧಿನಿಯಮದ 71ನೇ ಪ್ರಕರಣದಡಿ ಕೋರ್ಟ್ ಮಾರ್ಷಲ್ ವಿಧಿಸಬಹುದಾದ ಶಿಕ್ಷೆಗಳಲ್ಲಿ 14 ವರ್ಷ ಮೀರದ ಕಾರಾವಾಸವೂ ಸೇವೆಯಿಂದ ವಜಾ ಮಾಡುವುದೂ ಸೇರಿವೆ. ಇವೆರಡನ್ನೂ ಒಟ್ಟಿಗೆ ವಿಧಿಸಬಹುದು. ವಜಾಗೊಂಡವರು ಹಿಂದಿನ ಎಲ್ಲ ಸೇವೆಯ ಪಿಂಚಣಿ ಹಾಗೂ ಉಪದಾನಕ್ಕೆ ಅನರ್ಹರಾಗುತ್ತಾರೆ.

(ಈ) ವಿಚಾರಣಾಧೀನ ಬಂದಿಯಾಗಿದ್ದು ದೋಷಮುಕ್ತರಾದವರು. ಇವರು ಅಪರಾಧಿಗಳಲ್ಲ. ತೀರ್ಪಿನ ದೃಢೀಕೃತ ಪ್ರತಿಯನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳುವುದು ಇವರ ಮೊದಲ ಕೆಲಸ. ಮುಂದೆ ಪ್ರತಿ ಪರಿಶೀಲನೆಯಲ್ಲಿಯೂ ಅದು ಬೇಕಾಗುತ್ತದೆ.

ವಿಮುಕ್ತಿ ಮತ್ತು ವಜಾ ಎಂಬ ಪದಗಳನ್ನು ಆಡುಮಾತಿನಲ್ಲಿ ಒಂದೇ ಅರ್ಥದಲ್ಲಿ ಬಳಸಲಾಗುತ್ತದೆ. ಕಾನೂನಿನಲ್ಲಿ ಇವುಗಳ ನಡುವಿನ ಅಂತರವು ಒಂದು ಕುಟುಂಬದ ಜೀವನಾಧಾರವನ್ನೇ ನಿರ್ಧರಿಸುತ್ತದೆ. ಆದ್ದರಿಂದ ಆದೇಶದ ಮೂಲ ಪ್ರತಿಯನ್ನು ಓದದೆ, ಅಥವಾ ತಿಳಿದವರಿಂದ ಓದಿಸದೆ, ಯಾವ ಅರ್ಜಿಯನ್ನೂ ಸಲ್ಲಿಸಬಾರದು. ಹಾಗೆಯೇ, ಯಾವ ಅರ್ಜಿಯನ್ನೂ ಕೈಬಿಡಬಾರದು.

2. ಪಿಂಚಣಿ ಪುನರಾರಂಭ

ಪಿಂಚಣಿದಾರರ ಮುಂದಿನ ಸನ್ನಡತೆಯು ಪಿಂಚಣಿ ಮಂಜೂರಾತಿಯ ಅಂತರ್ಗತ ಷರತ್ತಾಗಿರುತ್ತದೆ. ಗಂಭೀರ ಅಪರಾಧಕ್ಕಾಗಿ ಶಿಕ್ಷೆಯಾದಲ್ಲಿ ಸಕ್ಷಮ ಪ್ರಾಧಿಕಾರವು ಪಿಂಚಣಿಯನ್ನು ಪೂರ್ಣವಾಗಿ ಅಥವಾ ಭಾಗಶಃ ತಡೆಹಿಡಿಯಬಹುದು. ಬಿಡುಗಡೆಯ ನಂತರ ಪಿಂಚಣಿಯನ್ನು ಪುನಃ ಆರಂಭಿಸುವಂತೆ ಪಿಂಚಣಿದಾರರೇ ಅರ್ಜಿ ಸಲ್ಲಿಸಬೇಕು. ಬಿಡುಗಡೆಯಾದ ಮಾಹಿತಿಯು ಕಾರಾಗೃಹದಿಂದ ಪಿಂಚಣಿ ಕಚೇರಿಗೆ ತಾನಾಗಿಯೇ ತಲುಪುತ್ತದೆಂದು ಭಾವಿಸಿ ಕಾಯಬಾರದು.

ಅನೇಕ ಪ್ರಕರಣಗಳಲ್ಲಿ ಪಿಂಚಣಿ ನಿಲ್ಲಲು ಶಿಕ್ಷೆಯೇ ಕಾರಣವಾಗಿರಬೇಕೆಂದಿಲ್ಲ. ವಾರ್ಷಿಕ ಜೀವಂತ ಪ್ರಮಾಣಪತ್ರ ಸಲ್ಲಿಕೆಯಾಗದಿದ್ದರೂ ಪಾವತಿ ನಿಲ್ಲುತ್ತದೆ. ರಕ್ಷಣಾ ಪಿಂಚಣಿಗಳು ಈಗ ಪ್ರಯಾಗರಾಜ್‌ನಲ್ಲಿರುವ ರಕ್ಷಣಾ ಲೆಕ್ಕಪತ್ರಗಳ ಪ್ರಧಾನ ನಿಯಂತ್ರಕರ (ಪಿಂಚಣಿ) ಕಚೇರಿಯ ‘ಸ್ಪರ್ಶ್’ ವ್ಯವಸ್ಥೆಯ ಮೂಲಕ ನಡೆಯುತ್ತವೆ. ಜೀವಂತ ಪ್ರಮಾಣಪತ್ರವನ್ನು ‘ಜೀವನ್ ಪ್ರಮಾಣ್’ ವಿಧಾನದಲ್ಲಿಯೂ ನೀಡಬಹುದು. ಪಿಂಚಣಿ ನಿಂತ ನಿಖರ ಕಾರಣವನ್ನು ಮೊದಲು ಲಿಖಿತವಾಗಿ ಪಡೆದುಕೊಂಡು, ನಂತರ ಅದಕ್ಕೆ ತಕ್ಕ ಅರ್ಜಿಯನ್ನು ಸಲ್ಲಿಸುವುದು ಸೂಕ್ತ.

ವಜಾಗೊಂಡವರಿಗೂ ಒಂದು ದಾರಿ ಉಳಿದಿರುತ್ತದೆ. 1961ರ ಭೂಸೇನಾ ಪಿಂಚಣಿ ವಿನಿಯಮಗಳ 113ನೇ ವಿನಿಯಮದಲ್ಲಿಯೂ, 2008ರ ವಿನಿಯಮಗಳ 41ನೇ ವಿನಿಯಮದಲ್ಲಿಯೂ, ಅಸಾಧಾರಣ ಸಂದರ್ಭಗಳಲ್ಲಿ ಪಿಂಚಣಿ ಅಥವಾ ಉಪದಾನವನ್ನು ವಿವೇಚನೆಯ ಮೇರೆಗೆ ಮಂಜೂರು ಮಾಡಲು ಅವಕಾಶವಿದೆ. ಮೊತ್ತವು ಸಹಜವಾಗಿ ವಿಮುಕ್ತಿ ಹೊಂದಿದ್ದರೆ ದೊರೆಯುತ್ತಿದ್ದುದನ್ನು ಮೀರುವಂತಿಲ್ಲ. ಇದು ಹಕ್ಕಲ್ಲ, ವಿವೇಚನೆಗೆ ಒಳಪಟ್ಟ ಪರಿಹಾರ. ಮನವಿಯಲ್ಲಿ ಸೇವಾವಧಿ, ಪಡೆದ ಪದಕಗಳು, ಯುದ್ಧ ಅಥವಾ ಕಾರ್ಯಾಚರಣಾ ಪ್ರದೇಶದ ಸೇವೆ, ಅಪರಾಧದ ಸ್ವರೂಪ, ಕುಟುಂಬದ ಸ್ಥಿತಿ ಹಾಗೂ ಬಿಡುಗಡೆಯ ನಂತರದ ನಡತೆಯನ್ನು ದಾಖಲೆಸಹಿತ ವಿವರಿಸಬೇಕು. ಮನವಿಯನ್ನು ಸಂಬಂಧಪಟ್ಟ ರೆಕಾರ್ಡ್ಸ್ ಕಚೇರಿಯ ಮೂಲಕ ಕಳುಹಿಸತಕ್ಕದ್ದು. ಉದಾಹರಣೆಗೆ, ಮದ್ರಾಸ್ ಇಂಜಿನಿಯರ್ ಗ್ರೂಪ್‌ನವರ ದಾಖಲೆಗಳು ಬೆಂಗಳೂರಿನಲ್ಲಿಯೂ, ಮದ್ರಾಸ್ ರೆಜಿಮೆಂಟ್‌ನವರ ದಾಖಲೆಗಳು ವೆಲಿಂಗ್ಟನ್‌ನಲ್ಲಿಯೂ ಇರುತ್ತವೆ.

ಮನವಿ ತಿರಸ್ಕೃತವಾದಲ್ಲಿ 2007ರ ಸಶಸ್ತ್ರ ಪಡೆಗಳ ನ್ಯಾಯಾಧಿಕರಣ ಅಧಿನಿಯಮದಡಿ ಬೆಂಗಳೂರು ಪೀಠಕ್ಕೆ ಅರ್ಜಿ ಸಲ್ಲಿಸಬಹುದು. ಪಿಂಚಣಿ ಮುಂತಾದ ಸೇವಾ ವಿಷಯಗಳು 14ನೇ ಪ್ರಕರಣದಡಿಯೂ, ಕೋರ್ಟ್ ಮಾರ್ಷಲ್ ತೀರ್ಪಿನ ಮೇಲಿನ ಮೇಲ್ಮನವಿ 15ನೇ ಪ್ರಕರಣದಡಿಯೂ ಬರುತ್ತವೆ. ಸೇವಾ ವಿಷಯಗಳಲ್ಲಿ ಅಂತಿಮ ಆದೇಶ ಬಂದ ದಿನಾಂಕದಿಂದ ಸಾಮಾನ್ಯವಾಗಿ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಪಿಂಚಣಿ ಪ್ರಕರಣಗಳಲ್ಲಿ ತಡವಾಗಿ ಬಂದವರ ಬಾಕಿಯನ್ನು ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸುವ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 2008ರ ತರಸೇಮ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವಿಳಂಬವಾದಷ್ಟೂ ಅರ್ಜಿದಾರರಿಗೇ ನಷ್ಟ.

3. ದಾಖಲೆಗಳ ಹೊಂದಾಣಿಕೆ: ಶಾಗ್ಯ ಭಾಗದವರು ವಿಶೇಷವಾಗಿ ಗಮನಿಸಬೇಕಾದ ಅಂಶ

ಶಾಗ್ಯವು ಇಂದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದೆ. ಹನೂರು ಪ್ರತ್ಯೇಕ ತಾಲ್ಲೂಕಾಗುವ ಮೊದಲು ಈ ಗ್ರಾಮವು ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಗುವವರೆಗೆ ಕೊಳ್ಳೇಗಾಲವು ಮೈಸೂರು ಜಿಲ್ಲೆಯ ಭಾಗವಾಗಿತ್ತು. ಹೀಗಾಗಿ 1997ಕ್ಕೆ ಮೊದಲು ಸೇನೆಗೆ ಸೇರಿದವರ ಡಿಸ್ಚಾರ್ಜ್ ಬುಕ್‌ನಲ್ಲಿ ‘ಕೊಳ್ಳೇಗಾಲ ತಾಲ್ಲೂಕು, ಮೈಸೂರು ಜಿಲ್ಲೆ’ ಎಂದೂ, ಆಧಾರ್‌ನಲ್ಲಿ ‘ಹನೂರು ತಾಲ್ಲೂಕು, ಚಾಮರಾಜನಗರ ಜಿಲ್ಲೆ’ ಎಂದೂ ಇರುವ ಸಾಧ್ಯತೆಯಿದೆ. ವ್ಯಕ್ತಿ ಒಬ್ಬರೇ ಆದರೂ ದಾಖಲೆಗಳು ಹೊಂದಾಣಿಕೆಯಾಗದ ಕಾರಣ ಅರ್ಜಿಯು ಹಿಂದಿರುಗಬಹುದು. ಇಂತಹ ಸಂದರ್ಭದಲ್ಲಿ ನಾಡಕಚೇರಿಯ ಮೂಲಕ ವಾಸಸ್ಥಳ ದೃಢೀಕರಣ ಪತ್ರವನ್ನು ಪಡೆದು ಅರ್ಜಿಯೊಂದಿಗೆ ಲಗತ್ತಿಸುವುದು ಒಳಿತು. ಹೆಸರು, ತಂದೆಯ ಹೆಸರು, ಜನ್ಮ ದಿನಾಂಕ ಅಥವಾ ಪತ್ನಿಯ ಹೆಸರಿನಲ್ಲಿ ವ್ಯತ್ಯಾಸವಿದ್ದಲ್ಲಿ ರೆಕಾರ್ಡ್ಸ್ ಕಚೇರಿಯಲ್ಲಿ ತಿದ್ದುಪಡಿ ಮಾಡಿಸಬೇಕು.

ಬಿಡುಗಡೆಯ ಮೊದಲ ತಿಂಗಳಲ್ಲಿ ಕೆಳಕಂಡ ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳತಕ್ಕದ್ದು:

1. ಕಾರಾಗೃಹದ ಬಿಡುಗಡೆ ಪ್ರಮಾಣಪತ್ರ. ಬಂಧನದಲ್ಲಿ ಕಲಿತ ಕಸುಬು ಅಥವಾ ವಿದ್ಯಾಭ್ಯಾಸದ ಪ್ರಮಾಣಪತ್ರಗಳು ಇದ್ದಲ್ಲಿ ಅವು. ದುಡಿಮೆಯ ಕೂಲಿಯ ಲೆಕ್ಕ.
2. ತೀರ್ಪು ಹಾಗೂ ಮೇಲ್ಮನವಿ ಆದೇಶಗಳ ದೃಢೀಕೃತ ಪ್ರತಿಗಳು, ದಂಡ ಪಾವತಿಸಿದ ರಸೀದಿ.
3. ಡಿಸ್ಚಾರ್ಜ್ ಬುಕ್, ಪಿಂಚಣಿ ಸಂದಾಯ ಆದೇಶ (ಪಿ.ಪಿ.ಓ.), ಮಾಜಿ ಸೈನಿಕರ ಗುರುತಿನ ಚೀಟಿ. ಕಳೆದುಹೋಗಿದ್ದಲ್ಲಿ ಪೊಲೀಸ್ ಠಾಣೆಗೆ ನೀಡಿದ ದೂರಿನ ಸ್ವೀಕೃತಿ.
4. ಆಧಾರ್, ಪಡಿತರ ಚೀಟಿ ಮತ್ತು ಬ್ಯಾಂಕ್ ಪಾಸ್ ಪುಸ್ತಕ. ಎರಡು ವರ್ಷ ವಹಿವಾಟಿಲ್ಲದ ಖಾತೆಯು ನಿಷ್ಕ್ರಿಯವಾಗುವುದರಿಂದ ಕೆ.ವೈ.ಸಿ. ದಾಖಲೆ ನೀಡಿ ಅದನ್ನು ಸಕ್ರಿಯಗೊಳಿಸಬೇಕು.
5. ಚಾಲನಾ ಪರವಾನಗಿ. ಅವಧಿ ಮುಗಿದು ಒಂದು ವರ್ಷ ಮೀರಿದ್ದಲ್ಲಿ ನವೀಕರಣಕ್ಕೆ ಪುನಃ ಚಾಲನಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗುತ್ತದೆ. ಸೇನೆಯಲ್ಲಿ ಚಾಲಕರಾಗಿದ್ದವರು ಇದನ್ನು ಮುಂದೂಡಬಾರದು.
6. ಮತದಾರರ ಪಟ್ಟಿಯಲ್ಲಿ ಹೆಸರು. ಕಾರಾಗೃಹದಲ್ಲಿರುವಾಗ ಮತದಾನಕ್ಕೆ ಅವಕಾಶವಿಲ್ಲ. ಬಿಡುಗಡೆಯಾದ ಬಳಿಕ ಪಟ್ಟಿಯಲ್ಲಿ ಹೆಸರಿದ್ದವರು ಮತ ಚಲಾಯಿಸಬಹುದು. ಹೆಸರು ಕೈಬಿಟ್ಟಿದ್ದಲ್ಲಿ ನಮೂನೆ 6ರಲ್ಲಿ ಅರ್ಜಿ ಸಲ್ಲಿಸಬೇಕು.

4. ಉದ್ಯೋಗ: ಮುಚ್ಚಿರುವ ಬಾಗಿಲುಗಳು

ಸೇನೆಯಿಂದ ಬಂದವರು ಸಾಮಾನ್ಯವಾಗಿ ಮೊದಲು ಅರಸುವುದು ಭದ್ರತಾ ಸಿಬ್ಬಂದಿಯ ಕೆಲಸವನ್ನು. ಆದರೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಅಧಿನಿಯಮದ 10ನೇ ಪ್ರಕರಣದನ್ವಯ, ಸಕ್ಷಮ ನ್ಯಾಯಾಲಯದಿಂದ ಶಿಕ್ಷೆಗೊಳಗಾದವರನ್ನು, ಅಥವಾ ಸಶಸ್ತ್ರ ಪಡೆಗಳ ಸೇವೆಯಲ್ಲಿದ್ದಾಗ ದುರ್ನಡತೆ ಇಲ್ಲವೆ ನೈತಿಕ ಅಧಃಪತನದ ಕಾರಣಕ್ಕೆ ವಜಾಗೊಂಡವರನ್ನು, ಭದ್ರತಾ ಕಾವಲುಗಾರರನ್ನಾಗಿ ಅಥವಾ ಮೇಲ್ವಿಚಾರಕರನ್ನಾಗಿ ನೇಮಿಸುವಂತಿಲ್ಲ. ಅದೇ ಪ್ರಕರಣವು ಸೇನೆಯಲ್ಲಿ ಸೇವೆ ಸಲ್ಲಿಸಿದವರಿಗೆ ಆದ್ಯತೆ ನೀಡಬಹುದೆಂದೂ ಹೇಳುತ್ತದೆ. ಆದರೆ ಶಿಕ್ಷೆಯ ದಾಖಲೆ ಇರುವವರಿಗೆ ಆ ಆದ್ಯತೆ ಒದಗುವುದಿಲ್ಲ. ಹಣ ಪಡೆದು ‘ಸೆಕ್ಯುರಿಟಿ ಕೆಲಸ ಕೊಡಿಸುತ್ತೇವೆ’ ಎನ್ನುವ ಮಧ್ಯವರ್ತಿಗಳ ಬಗ್ಗೆ ಎಚ್ಚರ ವಹಿಸಬೇಕು.

ಶಸ್ತ್ರಸಹಿತ ಕಾವಲಿನ ಕೆಲಸಕ್ಕೂ ಇದೇ ರೀತಿಯ ತಡೆಯಿದೆ. 1959ರ ಶಸ್ತ್ರ ಅಧಿನಿಯಮದ 9ನೇ ಪ್ರಕರಣದನ್ವಯ ಹಿಂಸೆ ಅಥವಾ ನೈತಿಕ ಅಧಃಪತನವನ್ನೊಳಗೊಂಡ ಅಪರಾಧಕ್ಕಾಗಿ ಕಾರಾವಾಸಕ್ಕೆ ಒಳಗಾದವರು, ಶಿಕ್ಷಾವಧಿ ಮುಗಿದ ನಂತರದ ಐದು ವರ್ಷಗಳವರೆಗೆ ಬಂದೂಕು ಹೊಂದುವಂತಿಲ್ಲ.

ಸರ್ಕಾರಿ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿ ಹಾಗೂ ವಯೋಮಿತಿ ಸಡಿಲಿಕೆ ಇದ್ದರೂ ನಡತೆ ಮತ್ತು ಪೂರ್ವಾಪರ ಪರಿಶೀಲನೆಗೆ ಒಳಪಡಲೇಬೇಕು. ಅರ್ಜಿ ಅಥವಾ ದೃಢೀಕರಣ ನಮೂನೆಯಲ್ಲಿ ಶಿಕ್ಷೆ, ದೋಷಮುಕ್ತಿ ಅಥವಾ ಬಾಕಿ ಪ್ರಕರಣದ ಬಗ್ಗೆ ಕೇಳಿದ್ದಲ್ಲಿ ನಿಜವನ್ನೇ ತಿಳಿಸತಕ್ಕದ್ದು. ಅವತಾರ್ ಸಿಂಗ್ ಪ್ರಕರಣದಲ್ಲಿ (2016) ಸರ್ವೋಚ್ಚ ನ್ಯಾಯಾಲಯವು ಮಾಹಿತಿ ಸತ್ಯವಾಗಿರಬೇಕು, ಮುಚ್ಚಿಡಬಾರದು ಎಂದು ಹೇಳಿದೆ. ಜೊತೆಗೆ ಅಲ್ಪ ಸ್ವರೂಪದ ಅಪರಾಧಗಳನ್ನು ನೇಮಕಾತಿ ಪ್ರಾಧಿಕಾರವು ತನ್ನ ವಿವೇಚನೆಯಿಂದ ಮನ್ನಿಸಬಹುದೆಂದೂ ಹೇಳಿದೆ. ಆದ್ದರಿಂದ ಹೇಳಿಕೊಂಡ ತಪ್ಪಿಗಿಂತ ಮುಚ್ಚಿಟ್ಟ ತಪ್ಪೇ ಹೆಚ್ಚು ಹಾನಿ ಮಾಡುತ್ತದೆ.

1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದ 3 ಅಥವಾ 4ನೇ ಪ್ರಕರಣದಡಿ ಎಚ್ಚರಿಕೆ ನೀಡಿ ಅಥವಾ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆಯಾದವರಿಗೆ, 12ನೇ ಪ್ರಕರಣದನ್ವಯ, ಶಿಕ್ಷೆಗೆ ಅಂಟಿಕೊಂಡು ಬರುವ ಅನರ್ಹತೆಗಳು ಅನ್ವಯಿಸುವುದಿಲ್ಲ. ಆದರೆ ಇದರಿಂದ ಇಲಾಖಾ ಕ್ರಮವು ತಾನಾಗಿಯೇ ರದ್ದಾಗುವುದಿಲ್ಲ.

5. ಉದ್ಯೋಗ: ತೆರೆದಿರುವ ಬಾಗಿಲುಗಳು

(ಅ) ಸೈನಿಕ ಕಲ್ಯಾಣ ಕಚೇರಿಯಲ್ಲಿ ನೋಂದಣಿ: ಮಾಜಿ ಸೈನಿಕರ ವ್ಯಾಖ್ಯೆಯೊಳಗೆ ಬರುವವರು ಜಿಲ್ಲೆಯ ವ್ಯಾಪ್ತಿ ಹೊಂದಿರುವ ಉಪ ನಿರ್ದೇಶಕರ ಕಚೇರಿಯಲ್ಲಿ ಉದ್ಯೋಗಕ್ಕಾಗಿ ಹೆಸರು ನೋಂದಾಯಿಸಿಕೊಳ್ಳಬಹುದು.

(ಆ) ಸ್ವ-ಉದ್ಯೋಗ ತರಬೇತಿ: ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯನ್ನು ಅನುಸರಿಸಿ ಬ್ಯಾಂಕುಗಳು ನಡೆಸುತ್ತಿರುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು (ಆರ್‌ಸೆಟಿ) ಊಟ ಮತ್ತು ವಸತಿ ಸಹಿತ ಉಚಿತ ತರಬೇತಿ ನೀಡುತ್ತವೆ. ಮೋಟಾರ್ ರಿಪೇರಿ, ವಿದ್ಯುತ್ ಕೆಲಸ, ಹೈನುಗಾರಿಕೆ ಮುಂತಾದವುಗಳಲ್ಲಿ ಸೇನೆಯ ಅನುಭವ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

(ಇ) ಪಿ.ಎಂ. ವಿಶ್ವಕರ್ಮ: 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯಲ್ಲಿ ಬಡಗಿ, ದರ್ಜಿ, ಗಾರೆ ಕೆಲಸಗಾರ, ಕಮ್ಮಾರ ಮುಂತಾದ 18 ಕಸುಬುದಾರರಿಗೆ ಮೊದಲ ಕಂತಿನಲ್ಲಿ ರೂ. 1 ಲಕ್ಷ ಮತ್ತು ಎರಡನೇ ಕಂತಿನಲ್ಲಿ ರೂ. 2 ಲಕ್ಷದವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ ದೊರೆಯುತ್ತದೆ. ಬಂಧನದಲ್ಲಿ ಬಡಗಿ ಅಥವಾ ಹೊಲಿಗೆ ಕೆಲಸ ಕಲಿತು ಅದನ್ನೇ ಕಸುಬಾಗಿ ಮಾಡುತ್ತಿರುವವರು ಅರ್ಹತೆ ವಿಚಾರಿಸಬಹುದು.

(ಈ) ವ್ಯವಸಾಯ ಮತ್ತು ರೇಷ್ಮೆ: ಕೊಳ್ಳೇಗಾಲ ಮತ್ತು ಹನೂರು ಭಾಗ ರೇಷ್ಮೆಗೆ ಹೆಸರಾದುದು. ಸ್ವಂತ ಅಥವಾ ಕುಟುಂಬದ ಜಮೀನು ಇರುವವರು ಹಿಪ್ಪುನೇರಳೆ ನಾಟಿ, ಹುಳು ಸಾಕಣೆ ಮನೆ ಹಾಗೂ ಸಲಕರಣೆಗಳಿಗೆ ದೊರೆಯುವ ನೆರವಿನ ಬಗ್ಗೆ ರೇಷ್ಮೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬೇಕು. ಬಂಧನದ ಅವಧಿಯಲ್ಲಿ ಪಹಣಿಯಲ್ಲಿ ಬದಲಾವಣೆ ಆಗಿದೆಯೇ ಎಂಬುದನ್ನು ಮೊದಲು ಪರಿಶೀಲಿಸುವುದು ಅಗತ್ಯ.

(ಉ) ತಕ್ಷಣದ ದುಡಿಮೆ: ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಕೆಲಸಕ್ಕೆ ಕುಟುಂಬದ ಚೀಟಿಯಲ್ಲಿ ಹೆಸರು ಸೇರಿಸಿಕೊಳ್ಳಲು ಕೋರಬಹುದು. ಪಿಂಚಣಿ ಆದೇಶ ಬರುವವರೆಗಿನ ತಿಂಗಳುಗಳಲ್ಲಿ ಇದು ಮನೆಯ ಖರ್ಚಿಗೆ ಆಧಾರವಾಗುತ್ತದೆ.

6. ಆರ್ಥಿಕ ನೆರವು

ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ರಕ್ಷಣಾ ಮಂತ್ರಿಗಳ ಮಾಜಿ ಸೈನಿಕರ ಕಲ್ಯಾಣ ನಿಧಿಯಿಂದ, ಪಿಂಚಣಿಯಿಲ್ಲದ, 65 ವರ್ಷ ದಾಟಿದ, ಹವಾಲ್ದಾರ್ ಹಾಗೂ ಅದಕ್ಕಿಂತ ಕೆಳಗಿನ ದರ್ಜೆಯ ಮಾಜಿ ಸೈನಿಕರು ಮತ್ತು ವಿಧವೆಯರಿಗೆ ಬಡತನ ನೆರವು ದೊರೆಯುತ್ತದೆ. ಈ ನೆರವನ್ನು ಮಾಸಿಕ ರೂ. 4,000ದಿಂದ ರೂ. 8,000ಕ್ಕೆ ಹೆಚ್ಚಿಸಲು 2025ರ ಅಕ್ಟೋಬರ್‌ನಲ್ಲಿ ಅನುಮೋದನೆ ನೀಡಲಾಗಿದ್ದು, 2025ರ ನವೆಂಬರ್ 1ರಿಂದ ಸಲ್ಲಿಕೆಯಾದ ಅರ್ಜಿಗಳಿಗೆ ಅನ್ವಯಿಸುತ್ತದೆ. ಮಾಜಿ ಸೈನಿಕರ ವ್ಯಾಖ್ಯೆಯಿಂದ ಹೊರಗುಳಿದವರು ಈ ನೆರವಿಗೆ ಬದಲಾಗಿ ಕಂದಾಯ ಇಲಾಖೆಯ ವೃದ್ಧಾಪ್ಯ ವೇತನ ಮುಂತಾದ ಸಾಮಾಜಿಕ ಭದ್ರತಾ ಯೋಜನೆಗಳಿಗೆ ಇತರ ನಾಗರಿಕರಂತೆಯೇ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು.

ದಂಡದ ಹಣ ಕಟ್ಟಲಾಗದೆ ಇನ್ನೂ ಬಂಧನದಲ್ಲಿರುವವರ ಕುಟುಂಬದವರು, 2023ರಲ್ಲಿ ಆರಂಭವಾದ ಬಡ ಬಂದಿಗಳ ನೆರವಿನ ಕೇಂದ್ರ ಯೋಜನೆಯ ಬಗ್ಗೆ ಕಾರಾಗೃಹ ಅಧೀಕ್ಷಕರಲ್ಲಿ ವಿಚಾರಿಸಬೇಕು. ಅರ್ಹ ಪ್ರಕರಣಗಳಲ್ಲಿ ಶಿಕ್ಷಾಬಂದಿಗಳ ದಂಡಕ್ಕೆ ರೂ. 25,000ದವರೆಗೆ, ವಿಚಾರಣಾಧೀನರ ಜಾಮೀನಿಗೂ ನೆರವು ದೊರೆಯಬಹುದು.

7. ಉಚಿತ ಕಾನೂನು ನೆರವು

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಪ್ರಕರಣದನ್ವಯ ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಆದಾಯ ಮಿತಿಯೊಳಗಿನವರು ಉಚಿತ ಕಾನೂನು ನೆರವಿಗೆ ಅರ್ಹರು. ಬಂಧನದಲ್ಲಿರುವಾಗಲೇ ಪಿಂಚಣಿ ಮನವಿಯನ್ನು ವಕೀಲರ ನೆರವಿನಿಂದ ಸಿದ್ಧಪಡಿಸಿದರೆ ಬಿಡುಗಡೆಯ ಬಳಿಕ ತಿಂಗಳುಗಳು ಉಳಿಯುತ್ತವೆ. ಶಾಗ್ಯ ಭಾಗದವರು ಕೊಳ್ಳೇಗಾಲದ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಅಥವಾ ಚಾಮರಾಜನಗರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು.

2025ರ ಜುಲೈ 26ರಂದು ಆರಂಭವಾದ ನಾಲ್ಸಾ ವೀರ ಪರಿವಾರ ಸಹಾಯತಾ ಯೋಜನೆಯು ಸೈನಿಕರು, ಮಾಜಿ ಸೈನಿಕರು ಹಾಗೂ ಅವರ ಕುಟುಂಬಗಳಿಗಾಗಿ ಸೈನಿಕ ಮಂಡಳಿ ಕಚೇರಿಗಳಲ್ಲಿ ಕಾನೂನು ಸೇವಾ ಕೇಂದ್ರಗಳನ್ನು ಏರ್ಪಡಿಸಲು ಅವಕಾಶ ಕಲ್ಪಿಸಿದೆ.

8. ಆರೋಗ್ಯ ಮತ್ತು ಮನೋಬಲ

ಪಿಂಚಣಿ ಪಡೆಯುತ್ತಿರುವ ಮಾಜಿ ಸೈನಿಕರಿಗೆ 2003ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ (ಇ.ಸಿ.ಎಚ್.ಎಸ್.) ಅನ್ವಯಿಸುತ್ತದೆ. ಪಿಂಚಣಿ ಪುನರಾರಂಭವಾದ ಕೂಡಲೇ ಕಾರ್ಡಿನ ಸ್ಥಿತಿಯನ್ನು ಪರಿಶೀಲಿಸಿಕೊಳ್ಳಬೇಕು.

ಯುದ್ಧಭೂಮಿಯ ನೆನಪು, ಸೆರೆವಾಸದ ಏಕಾಂತ, ಊರಿನ ಮೌನ ಇವು ಒಟ್ಟುಗೂಡಿದಾಗ ನಿದ್ರಾಹೀನತೆ, ಸಿಟ್ಟು, ಮದ್ಯವ್ಯಸನ ಅಥವಾ ಜೀವನದ ಬಗ್ಗೆ ಜಿಗುಪ್ಸೆ ಉಂಟಾಗಬಹುದು. ಇದು ಚಿಕಿತ್ಸೆಯಿಂದ ಗುಣವಾಗುವ ತೊಂದರೆಯೇ ಹೊರತು ಅವಮಾನದ ಸಂಗತಿಯಲ್ಲ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು. ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446.

9. ಕುಟುಂಬ ಮತ್ತು ಗ್ರಾಮಸ್ಥರ ಪಾತ್ರ

ನ್ಯಾಯಾಲಯ ವಿಧಿಸಿದ ಶಿಕ್ಷೆಗೆ ಒಂದು ಕೊನೆಯ ದಿನವಿರುತ್ತದೆ. ಊರು ವಿಧಿಸುವ ಶಿಕ್ಷೆಗೆ ಅಂತಹ ದಿನವಿಲ್ಲ. ಮನೆಯವರ ಹೆಸರಿನಲ್ಲಿರುವ ಪಡಿತರ, ಮಕ್ಕಳ ವಿದ್ಯಾರ್ಥಿ ವೇತನ ಅಥವಾ ಪತ್ನಿಗೆ ಬರುವ ಸರ್ಕಾರಿ ನೆರವು ಪತಿಯ ಶಿಕ್ಷೆಯ ಕಾರಣದಿಂದ ತಾನಾಗಿಯೇ ರದ್ದಾಗುವುದಿಲ್ಲ. ಹಾಗೆಂದು ಯಾರಾದರೂ ಹೇಳಿದಲ್ಲಿ ಲಿಖಿತ ಆದೇಶವನ್ನು ಕೇಳಬೇಕು. ಅಪರಾಧದಿಂದ ನೊಂದ ಕುಟುಂಬ ಅದೇ ಊರಿನಲ್ಲಿದ್ದರೆ, ಬಿಡುಗಡೆಯಾದವರು ನ್ಯಾಯಾಲಯದ ಷರತ್ತುಗಳನ್ನು ಚಾಚೂ ತಪ್ಪದೆ ಪಾಲಿಸಬೇಕು. ಆ ಕುಟುಂಬದ ನೆಮ್ಮದಿಯೂ ಪುನರ್ವಸತಿಯಷ್ಟೇ ಮುಖ್ಯ.

ಬೇರೆ ದೇಶಗಳ ಅನುಭವವೂ ಇದನ್ನೇ ತೋರಿಸುತ್ತದೆ. ಅಮೆರಿಕದ ಬಫಲೋ ನಗರದಲ್ಲಿ 2008ರಲ್ಲಿ ಮಾಜಿ ಸೈನಿಕರಿಗಾಗಿಯೇ ವಿಶೇಷ ನ್ಯಾಯಾಲಯ ಆರಂಭವಾಯಿತು. ಚಿಕಿತ್ಸೆ ಪಡೆಯುತ್ತಿರುವ ಮಾಜಿ ಸೈನಿಕನ ಜೊತೆಗೆ ಇನ್ನೊಬ್ಬ ಮಾಜಿ ಸೈನಿಕನನ್ನು ಮಾರ್ಗದರ್ಶಕನನ್ನಾಗಿ ನೇಮಿಸುವುದು ಅದರ ವಿಶೇಷ. ಶಾಗ್ಯದಂತಹ ಗ್ರಾಮದಲ್ಲಿ ಇದಕ್ಕೆ ಯಾವ ಆದೇಶವೂ ಬೇಕಿಲ್ಲ. ಡಿಸ್ಚಾರ್ಜ್ ಬುಕ್ ಓದಲು, ಅರ್ಜಿ ತುಂಬಲು, ಕಚೇರಿಗೆ ಜೊತೆಯಲ್ಲಿ ಹೋಗಲು ನೆರೆಯ ಒಬ್ಬ ನಿವೃತ್ತ ಯೋಧರು ಮುಂದಾದರೆ ಸಾಕು.

ಅರ್ಜಿದಾರರಿಗೆ ಸೂಚನೆಗಳು

1. ಪ್ರತಿ ಅರ್ಜಿಯ ಪ್ರತಿಯನ್ನೂ ಸ್ವೀಕೃತಿಯನ್ನೂ ಇಟ್ಟುಕೊಳ್ಳತಕ್ಕದ್ದು. ಅಂಚೆಯಲ್ಲಿ ಕಳುಹಿಸುವುದಾದರೆ ಸ್ಪೀಡ್ ಪೋಸ್ಟ್ ಬಳಸಬೇಕು.
2. ಮೂಲ ಡಿಸ್ಚಾರ್ಜ್ ಬುಕ್ ಅಥವಾ ಪಿ.ಪಿ.ಓ.ವನ್ನು ಮಧ್ಯವರ್ತಿಗಳ ಕೈಗೆ ಕೊಡಬಾರದು.
3. ಪಿಂಚಣಿ ಬಾಕಿ ಕೊಡಿಸುವುದಾಗಿ ದೂರವಾಣಿಯಲ್ಲಿ ಓ.ಟಿ.ಪಿ. ಕೇಳುವವರಿಗೆ ಅದನ್ನು ತಿಳಿಸಬಾರದು.
4. ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ಲಿಖಿತವಾಗಿ ಪಡೆಯತಕ್ಕದ್ದು. ಮುಂದಿನ ಮೇಲ್ಮನವಿಗೆ ಅದೇ ಆಧಾರ.
5. ಕಾನೂನು ನೆರವಿಗೆ 15100, ರಾಜ್ಯ ಸರ್ಕಾರದ ಇಲಾಖೆಗಳ ಕುಂದುಕೊರತೆಗೆ 1902 ಸಂಖ್ಯೆಗೆ ಕರೆ ಮಾಡಬಹುದು.